ಬಿಳಿ ದೀಪ, ನೇರಳೆ ದೀಪ

"ಅಜ್ಜಾರೇ, ಯಾವ ಗುರುವಿನ ಹತ್ತಿರ ಬೆಳಕು ಹೆಚ್ಚು ಎಂದು ತಿಳಿಯುವುದು ಹೇಗೆ?"

ಕೇಳಿದವನು ಅಡಿವೆಪ್ಪ, ಮೂವತ್ತು ದಾಟಿದ ಶಿಷ್ಯ. ನಾಲ್ಕು ವರ್ಷ ಹೊಳೆಯಾಚೆಯ ಮಠದಲ್ಲಿದ್ದ. ಮೂರು ವರ್ಷದಿಂದ ಈ ಅಜ್ಜಾರ ಮಠದಲ್ಲಿದ್ದ. ಅಲ್ಲಿಯ ಸ್ವಾಮಿಗಳು ಮಾತಾಡಿದರೆ ಸಭೆಯೇ ತಲೆದೂಗುತ್ತಿತ್ತು. ಇಲ್ಲಿಯ ಅಜ್ಜಾರು ದಿನಕ್ಕೆ ನಾಲ್ಕು ಮಾತಾಡಿದರೆ ಅದೇ ದೊಡ್ಡದು. ಈಗ ಅಲ್ಲಿಂದ ಮರಳಿ ಬಾ ಎಂದು ಕರೆ ಬಂದಿತ್ತು. ಸೋಮವಾರದೊಳಗೆ ಹೇಳಬೇಕು. ಯೋಚಿಸಿ ಯೋಚಿಸಿ ಅವನ ತಲೆ ಕೆಟ್ಟುಹೋಗಿತ್ತು.

ಅಜ್ಜಾರು ಹೇಳತೊಡಗಿದರು.

ಒಬ್ಬ ರೈತನ ಹತ್ತಿರ ಅವನ ಅಜ್ಜಿಯ ಕಾಲದ ಬದನೆ ಬೀಜ ಒಂದು ಹಿಡಿ ಉಳಿದಿತ್ತು. ಆ ತಳಿ ಬೇರೆಲ್ಲೂ ಇರಲಿಲ್ಲ. ಹೊರಗೆ ಎಬ್ಬಿಸಿದ ಸಸಿಗಳನ್ನು ಹಿಂದಿನ ಎರಡು ವರ್ಷವೂ ರೋಗ ನುಂಗಿತ್ತು. ಈ ಸಲ ತಪ್ಪಿದರೆ ತಳಿಯೇ ಹೋಯಿತು. ಅದಕ್ಕೆ ಕೋಣೆಯೊಳಗೆ ದೀಪದ ಕೆಳಗೆ ಸಸಿ ಎಬ್ಬಿಸಲು ಹೊರಟ. ಸೂರ್ಯನನ್ನು ಬಿಟ್ಟು ದೀಪ ನಂಬಿದನಲ್ಲ ಎಂದು ನಗಬೇಡ. ಪಾಪ, ಬೇರೆ ದಾರಿ ಇರಲಿಲ್ಲ.

ಮನೆಯ ಮೇಲಿನ ಸೋಲಾರಿನಿಂದ ಬರುವ ಕರೆಂಟು ಅಷ್ಟಕ್ಕಷ್ಟೆ. ಅದನ್ನು ಸಸಿಗೆ ಚೆನ್ನಾಗಿ ಮುಟ್ಟಿಸುವ ದೀಪ ಬೇಕು. ವ್ಯಾಪಾರಿ ಎರಡು ಕೊಟ್ಟ, ಒಂದು ಬಿಳಿ, ಒಂದು ನೇರಳೆ. ಎರಡೂ ಬೆಳೆಸುತ್ತವೆ, ನೋಡಿ ಇಟ್ಟುಕೊಳ್ಳಿ ಎಂದ. ರೈತ ಸಂತೆಯ ಬದನೆ ಬೀಜವನ್ನು ಎರಡು ತಟ್ಟೆಗಳಲ್ಲಿ ಹಾಕಿ ಪರೀಕ್ಷೆಗಿಟ್ಟ. ಅಜ್ಜಿಯ ಬೀಜ ಡಬ್ಬಿಯಲ್ಲೇ ಕಾದಿತ್ತು.

ಕರೆಂಟಿನ ಮೀಟರು ಹಚ್ಚಿದ. ಬಿಳಿಯದೇ ಕಡಿಮೆ ತಿನ್ನುತ್ತಿತ್ತು. ಬಿಳಿಯೇ ಸರಿ ಎಂದ. ಮೂರು ದಿನಕ್ಕೆ ಬಿಳಿ ದೀಪದ ಗೂಡು ಕಾದು ಒಲೆಯಾಯಿತು. ಅದಕ್ಕೊಂದು ಫ್ಯಾನು ಇಟ್ಟ. ಫ್ಯಾನಿನ ಕರೆಂಟು ಕೂಡಿಸಿದರೆ ಬಿಳಿಯದೇ ಹೆಚ್ಚಾಯಿತು. ಹಾಗಾದರೆ ನೇರಳೆ ಎಂದ. ಆಮೇಲೆ ಬೆಳಕಿನ ಮೀಟರು ತಂದ. ಬಿಳಿಯ ಕೆಳಗೆ ಮುಳ್ಳು ಜಿಗಿಯಿತು, ನೇರಳೆಯ ಕೆಳಗೆ ಮಲಗಿಬಿಟ್ಟಿತು. ಅಯ್ಯೋ, ಬಿಳಿಯೇ ಎಂದ. ಅದೇ ಮೀಟರನ್ನು ತಟ್ಟೆಯ ಮೂಲೆಗೆ ಒಯ್ದ. ಅಲ್ಲಿ ಬಿಳಿಯ ಬೆಳಕು ಅರ್ಧಕ್ಕರ್ಧ ಇಳಿದಿತ್ತು. ನೇರಳೆಯದು ಇದ್ದಷ್ಟೇ ಇತ್ತು. ಅವನಿಗೆ ತಲೆಬುಡ ತಿಳಿಯಲಿಲ್ಲ. ವ್ಯಾಪಾರಿಯನ್ನು ಕೇಳಿದರೆ, ಆ ಮೀಟರು ಮನುಷ್ಯರ ಕಣ್ಣಿಗೆಂದು ಮಾಡಿದ್ದು, ಗಿಡದ್ದು ನನಗೇನು ಗೊತ್ತು ಎಂದುಬಿಟ್ಟ.

ಹೀಗೆ ತಿಂಗಳು ಹೋಯಿತು. ಬಿತ್ತುವ ಹದಕ್ಕೆ ಎಂಟು ದಿನ ಉಳಿದಿತ್ತು. ರೈತನ ಹೆಂಡತಿ ತಟ್ಟೆಗಳ ಮುಂದೆ ಬಂದು ನಿಂತಳು.

"ರೀ, ಫ್ಯಾನೂ ಸೇರಿ ಎರಡು ತಟ್ಟೆಗೂ ಒಂದೇ ಲೆಕ್ಕದ ಕರೆಂಟು ಹಾಕಿದ್ದೀರಿ ತಾನೆ?"

"ಹೂಂ. ಹೆಚ್ಚು ತಿನ್ನುವ ದೀಪವನ್ನು ದಿನವೂ ಬೇಗ ಆರಿಸಿದೆ, ಅದರಲ್ಲಿ ಮೋಸವಿಲ್ಲ. ಆದರೆ ಬಿಳಿಯ ಸಸಿ ನೋಡು, ಎಷ್ಟು ಎತ್ತರ!"

ಅವಳು ಎರಡು ತಟ್ಟೆಯ ಸಸಿಗಳನ್ನೂ ಬೇರುಸಮೇತ ಕಿತ್ತಳು. ರೈತ ಅಯ್ಯಯ್ಯೋ ಎಂದು ಬಾಯಿ ಬಡಿದುಕೊಂಡ. ಅವಳು ಮಣ್ಣು ತೊಳೆದು, ಬೇರೆಬೇರೆ ಬಟ್ಟೆಯ ಮೇಲೆ ಹರಡಿ, ಗರಿಗರಿಯಾಗುವವರೆಗೆ ಒಣಗಿಸಿದಳು. ಅಕ್ಕಸಾಲಿಗನ ತಕ್ಕಡಿ ತಂದು ತೂಗಿದಳು. ಬಿಳಿಯ ಕೆಳಗಿನ ಎತ್ತರದ ಸಸಿಗಳಲ್ಲಿ ಬರೀ ನೀರಿತ್ತು. ಒಣಗಿದ ಮೇಲೆ ಅವು ಹೊಟ್ಟಿಗಿಂತ ಹಗುರ. ನೇರಳೆಯ ಕೆಳಗಿನ ಗಿಡ್ಡ ಸಸಿಗಳು ಅವುಗಳ ಎರಡರಷ್ಟು ತೂಗಿದವು.

ಅಜ್ಜಿಯ ಬೀಜ ಅಂದೇ ನೇರಳೆ ದೀಪದ ಕೆಳಗೆ ಮಣ್ಣಿಗೆ ಬಿತ್ತು. ತಳಿ ಉಳಿಯಿತು.

ಅಜ್ಜಾರ ಕಥೆ ಮುಗಿಯಿತು. ಅಡಿವೆಪ್ಪನಿಗೆ ಮೊದಲಿದ್ದ ಗೊಂದಲದ ಮೇಲೆ ಇನ್ನೊಂದು ಕೂತಿತು. ಹೊಳೆಯಾಚೆಯವರು ಬಿಳಿ ದೀಪವೇ? ಇವರು ತಮ್ಮನ್ನೇ ನೇರಳೆ ಎಂದುಕೊಂಡರೇ? ಇಲ್ಲ, ಇದು ತಿರುಗುಮುರುಗೋ? ಬೆರಳು ಮಡಚಿ ಕೂಡಿಸಿದ, ಕಳೆದ, ಒಂದೂ ಹೊಂದಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟ.

"ಅಜ್ಜಾರೇ, ತಪ್ಪು ತಿಳಿಯಬೇಡಿ. ಹಾಗಾದರೆ ನೀವು ಯಾವ ದೀಪ?"

ಅಜ್ಜಾರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏಳು ವರ್ಷ ನಮ್ಮಿಬ್ಬರನ್ನೂ ಅಳೆದೆಯಲ್ಲಪ್ಪ, ನೀನೆಷ್ಟು ಬೆಳೆದೆ?"