ಬ್ಯಾಟರಿ ಪೆಟ್ಟಿಗೆಯ ತೇವ

“ಗುರುಗಳೇ, ನಮಗೆ ಒಳ್ಳೆಯದಾಗಲಿ ಎಂದು ಬಯಸದವನೇ ಬಂದು ಎಚ್ಚರಿಕೆಯ ಮಾತು ಹೇಳಿದರೆ ಅದನ್ನು ನಂಬಬೇಕೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕಾರು ತಯಾರಿಸುವ ಕಾರ್ಖಾನೆ ಇತ್ತು. ಅದರ ಒಡೆಯ ಡೀಸೆಲ್ ಕಾರುಗಳನ್ನು ಮಾಡಿ ಹೆಸರು ಗಳಿಸಿದವನು. ವಯಸ್ಸಾಗುತ್ತ ಬಂದಂತೆ ಅವನಿಗೊಂದು ಆಸೆ ಹುಟ್ಟಿತು. ಹೊಗೆ ಬಿಡದೆ ಬ್ಯಾಟರಿಯಿಂದ ಓಡುವ ಕಾರನ್ನು ತಾನಿರುವಾಗಲೇ ರಸ್ತೆಗೆ ಇಳಿಸಬೇಕು. ಆ ಕೆಲಸಕ್ಕೆಂದು ಒಬ್ಬ ಎಂಜಿನಿಯರ್ ಹೆಣ್ಣುಮಗಳನ್ನು ನೇಮಿಸಿದ. ಅವಳೂ ಅವಳ ಜೊತೆಗಾರರೂ ವರ್ಷಗಟ್ಟಲೆ ದುಡಿದು ಕಾರನ್ನು ಸಿದ್ಧಪಡಿಸಿದರು. ಬ್ಯಾಟರಿಯನ್ನು ಒಂದು ಚಪ್ಪಟೆ ಪೆಟ್ಟಿಗೆಯಲ್ಲಿಟ್ಟು ಕಾರಿನ ತಳಕ್ಕೆ ಬಿಗಿದಿದ್ದರು. ಹೊಸ ಕಾರನ್ನು ನೀರಿನಲ್ಲಿ ನಿಲ್ಲಿಸಿ ಪರೀಕ್ಷಿಸಿದ್ದರು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

ಈ ಕಾರು ಮಾರಾಟಕ್ಕೆ ಬಂದ ಮೇಲೆ ಡೀಸೆಲ್ ಎಂಜಿನ್ ವಿಭಾಗವನ್ನು ಮುಚ್ಚುವುದೆಂದು ಒಡೆಯ ಮೊದಲೇ ಹೇಳಿದ್ದ. ಆ ವಿಭಾಗದ ಮುಖ್ಯಸ್ಥ ತನ್ನ ಆಯುಷ್ಯವನ್ನೆಲ್ಲ ಅಲ್ಲಿಯೇ ಕಳೆದವನು. ಅವನು ಪರೀಕ್ಷೆಯ ಕಾರೊಂದನ್ನು ಕೇಳಿ ಪಡೆದ. ಕಲ್ಲುಕ್ವಾರಿಯ ದಾರಿಯಲ್ಲಿ ದಿನವೂ ಓಡಿಸಿದ. ಆಮೇಲೆ ನೀರು ನಿಂತ ಅಂಡರ್‌ಪಾಸಿನಲ್ಲಿ ಇಳಿಸಿ ಹತ್ತಿಸಿದ. ಪೆಟ್ಟಿಗೆ ತೆರೆದು ನೋಡಿ ನೇರವಾಗಿ ಒಡೆಯನ ಬಳಿಗೆ ಬಂದ.

“ಸರ್, ಕೆಟ್ಟ ರಸ್ತೆಯಲ್ಲಿ ಕುಲುಕಿ ಕುಲುಕಿ ಪೆಟ್ಟಿಗೆಯ ಅಂಚಿನ ರಬ್ಬರ್ ಸಡಿಲವಾಗುತ್ತದೆ. ಒಳಗೆ ತೇವ ಸೇರಿದೆ. ಮಳೆಗಾಲದಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು. ಈಗ ಮಾರಬೇಡಿ” ಎಂದ.

ಒಡೆಯ ಅವನ ಮುಖವನ್ನೇ ನೋಡಿದ. “ನೀರನ್ನು ನೀವೇ ಹಾಕಿರಬಹುದಲ್ಲ?”

“ಹಾಕಬಹುದಿತ್ತು. ಅದಕ್ಕೇ ಹೇಳುತ್ತೇನೆ, ಬೇರೆ ಕಾರು ತೆಗೆದುಕೊಳ್ಳಿ. ನಿಮ್ಮವರೇ ಓಡಿಸಲಿ, ನಿಮ್ಮವರೇ ತೆರೆಯಲಿ.”

ಒಡೆಯ ಬೇರೆ ಕಾರನ್ನು ಓಡಿಸಲಿಲ್ಲ, ಪೆಟ್ಟಿಗೆಯನ್ನೂ ತೆರೆಸಲಿಲ್ಲ. ಮುಖ್ಯಸ್ಥ ಯಾರೊಡನೆ ಓಡಾಡುತ್ತಾನೆ, ಏನು ಮಾತಾಡುತ್ತಾನೆ ಎಂದು ವಿಚಾರಿಸಲು ಜನರನ್ನು ಬಿಟ್ಟ. ಅವರು ಬಂದು ಹೇಳಿದರು, ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ‘ಈ ಕಾರು ಸೋತರೆ ಸಾಕು’ ಎಂದು ಅವನು ಅಂದದ್ದುಂಟು. ಒಡೆಯನಿಗೆ ಅಷ್ಟು ಸಾಕಾಯಿತು. ಅವನನ್ನು ಕರೆಸಿದ.

“ಹೀಗೆ ಅಂದದ್ದು ನಿಜವೇ?”

“ನಿಜ. ಸೋಲಲಿ ಎಂಬ ಆಸೆ ನನಗಿತ್ತು. ಆ ಆಸೆಯಿಂದಲೇ ದೋಷ ಹುಡುಕಿದೆ. ಹುಡುಕಿದ್ದಕ್ಕೆ ಸಿಕ್ಕಿತು.”

ಒಡೆಯ ಅವನನ್ನು ಅಂದೇ ಕೆಲಸದಿಂದ ಬಿಡಿಸಿದ. ಪೆಟ್ಟಿಗೆಯ ಮಾತು ಎಂಜಿನಿಯರ್ ಹೆಣ್ಣುಮಗಳ ಕಿವಿಗೂ ಬಿದ್ದಿತ್ತು. ಹೊಟ್ಟೆಕಿಚ್ಚಿನವನ ಮಾತು ಎಂದು ಅವಳೂ ಸುಮ್ಮನಾದಳು.

ಕಾರು ಮಾರಾಟವಾಯಿತು. ಜನ ಮೆಚ್ಚಿದರು. ಮಳೆಗಾಲ ಬಂತು. ಈ ಕಾರನ್ನು ಕೊಂಡು ಕೆಟ್ಟ ರಸ್ತೆಯಲ್ಲೇ ದಿನವೂ ಓಡಿಸುತ್ತಿದ್ದ ಒಬ್ಬ ಶಾಲಾ ಮೇಷ್ಟರು ತಾಯಿಯನ್ನು ಕೂರಿಸಿಕೊಂಡು ನೀರು ನಿಂತ ರಸ್ತೆಯನ್ನು ದಾಟಿ ಮನೆಯ ಮುಂದೆ ಕಾರು ನಿಲ್ಲಿಸಿದರು. ತಾಯಿ ಇಳಿಯುವ ಮೊದಲೇ ಕೆಳಗಿನಿಂದ ಹೊಗೆ ಎದ್ದಿತು. ಮೇಷ್ಟರು ಬಾಗಿಲು ಕಿತ್ತೆಳೆದು ತಾಯಿಯನ್ನು ಹೊರಗೆ ತಂದರು. ತಾಯಿ ಉಳಿದಳು. ಮೇಷ್ಟರ ಎರಡು ಕೈಗಳೂ ಸುಟ್ಟುಹೋದವು. ಆ ಕೈಗಳು ಮತ್ತೆ ಸೀಮೆಸುಣ್ಣ ಹಿಡಿಯಲಿಲ್ಲ.

ಮಾರಿದ ಕಾರುಗಳನ್ನೆಲ್ಲ ಒಡೆಯ ಹಿಂದಕ್ಕೆ ತರಿಸಿದ. ಎಂಜಿನಿಯರ್ ಒಂದೊಂದೇ ಪೆಟ್ಟಿಗೆ ತೆರೆದಳು. ಕೆಟ್ಟ ರಸ್ತೆಯಲ್ಲಿ ಓಡಿದ ಕಾರುಗಳಲ್ಲೆಲ್ಲ ತೇವ ಇತ್ತು. ಅವಳು ಯಾರಿಗೂ ಹೇಳದೆ ಮುಖ್ಯಸ್ಥನ ಮನೆಗೆ ಹೋಗಿ ಬಾಗಿಲಲ್ಲಿ ನಿಂತಳು. ಅವನು ಮೇಷ್ಟರು ಹೇಗಿದ್ದಾರೆಂದು ಕೇಳಿದ. ಮತ್ತೇನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಅವಳೊಡನೆ ಹೊರಟ. ಇಬ್ಬರೂ ಸೇರಿ ಪೆಟ್ಟಿಗೆಯ ಅಂಚನ್ನು ಬೇರೆ ರೀತಿಯಲ್ಲಿ ಕೂಡಿಸಿದರು. ಕಾರು ಮತ್ತೆ ರಸ್ತೆಗೆ ಇಳಿಯಿತು, ಗೆದ್ದಿತು. ಮೊದಲೇ ಹೇಳಿದ್ದಂತೆ ಡೀಸೆಲ್ ವಿಭಾಗ ಮುಚ್ಚಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ, “ಹಾಗಾದರೆ ಒಡೆಯ ಸಂಶಯ ಪಟ್ಟದ್ದೇ ತಪ್ಪಾಯಿತಲ್ಲವೇ?”

“ಅಲ್ಲಪ್ಪ, ಅವನು ಪಟ್ಟ ಸಂಶಯ ಸಾಲದೇ ಹೋಯಿತು. ಕಾರು ಸೋಲಲಿ ಎಂದು ಬಯಸಿದವನ ಮೇಲೆ ಸಂಶಯ ಪಟ್ಟ, ಗೆಲ್ಲಲಿ ಎಂದು ಬಯಸಿದ ತನ್ನ ಮೇಲೆ ಪಡಲಿಲ್ಲ.”