ಮಡಿಕೆಗೆ ನಿಲ್ಲದ ಕೊಳೆ

"ಅರಮನೆಯ ಹಾಲಿನ ಕೊಟ್ಟಿಗೆಗೆ ಯಜಮಾನ ಬೇಕಾಗಿದ್ದಾನೆ. ರಾಜಕುಮಾರಿ ಸೋವಲದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಕೊಟ್ಟಿಗೆಯ ಯಜಮಾನಿಕೆ, ಇರಲು ಮನೆ, ಇಪ್ಪತ್ತು ಹಸು. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆದಂಡ. ಇದು ಬಿಜ್ಜರಸರ ಅಪ್ಪಣೆ."

ಕುಂದಣಗಿರಿಯ ಬೀದಿಗಳಲ್ಲಿ ಮೂರು ದಿನ ಹೀಗೆ ಡಂಗುರ ಸಾರಿದರು. ಜನರಿಗೆ ಕಾರಣ ಗೊತ್ತಿತ್ತು. ಅರಸನಿಗೆ ವಯಸ್ಸಾದ ಮೇಲೆ ಹುಟ್ಟಿದ ಗಂಡುಮಗುವಿಗೆ ಆಗ ಒಂದೂವರೆ ವರ್ಷ. ತಾಯಿ ಬಾಣಂತನದಲ್ಲೇ ತೀರಿಕೊಂಡಿದ್ದಳು. ಅಕ್ಕ ಸೋವಲದೇವಿ ಸಾಕುತ್ತಿದ್ದಳು. ಎರಡು ತಿಂಗಳಿಂದ ಅರಮನೆಯ ಹಾಲು ಕಾಯಿಸಲಿಟ್ಟರೆ ಒಡೆಯುತ್ತಿತ್ತು, ಒಡೆಯದ ದಿನ ಮಗು ಕುಡಿದದ್ದನ್ನೆಲ್ಲ ಕಕ್ಕುತ್ತಿತ್ತು. "ದೋಷ ಮಗುವಿನಲ್ಲಿಲ್ಲ, ಹಾಲಿನಲ್ಲಿದೆ" ಎಂದರು ವೈದ್ಯರು. ರೇಷ್ಮೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸುತ್ತಿದ್ದ ಕೊಟ್ಟಿಗೆಯವರು ಎಂಟು ಮಡಿಕೆ ಮಾಡಿದರು. ಮಗು ಇನ್ನಷ್ಟು ಸೊರಗಿತು.

ತಾಯತ ಕಟ್ಟುವವರು, ಬೇರು ಅರೆಯುವವರು ಬಂದು ಒಬ್ಬೊಬ್ಬರು ಒಂದೊಂದು ವಾರ ಹಾಳುಮಾಡಿ ಹೋದರು. "ತಲೆ ಹೋಗುತ್ತದೆ ಅಂದರೆ ಗೊತ್ತಿದ್ದವನು ಮಾತ್ರ ಬರುತ್ತಾನೆ" ಎಂದು ಅರಸ ತಲೆದಂಡದ ಮಾತು ಸೇರಿಸಿದ. ಸೋವಲದೇವಿಗೆ ಅದು ಹಿಡಿಸಲಿಲ್ಲ. ಒಗಟುಗಳು ಮಾತ್ರ ಅವಳ ತಾಯಿಯವು. ರಾಣಿ ದನ ಸಾಕುವವರ ಮನೆಯಲ್ಲಿ ಹುಟ್ಟಿದವಳು. ಹಾಲಿಗೆ ಕೈ ಹಾಕುವವನನ್ನು ಇವುಗಳಿಂದ ಪರೀಕ್ಷಿಸು ಎಂದು ಮಗಳಿಗೆ ಉತ್ತರದ ಸಮೇತ ಹೇಳಿಕೊಟ್ಟಿದ್ದಳು. ಆ ಉತ್ತರಗಳು ಅರಸನಿಗೂ ಗೊತ್ತಿರಲಿಲ್ಲ.

ಮೊದಲು ಬಂದವನು ಪಂಡಿತ ನಾಗಾರ್ಯ. ಸೋವಲದೇವಿ ಕೇಳಿದಳು: "ಮೊದಲು ಬಂದವನನ್ನು ನೆಲಕ್ಕೆ ಬಿಡಬೇಕು, ಆಮೇಲೆ ಬಂದವರನ್ನಷ್ಟೇ ಒಳಗೆ ಸೇರಿಸಬೇಕು. ಯಾರವನು?"

"ಅಹಂಕಾರ" ಎಂದ ನಾಗಾರ್ಯ. ಅವಳು ಅಲ್ಲವೆಂದು ತಲೆಯಾಡಿಸಿದಳು. ಕಾವಲಿನವರು ಅವನನ್ನು ಸೆರೆಮನೆಗೆ ಕರೆದೊಯ್ದರು.

ಎರಡನೆಯವನು ನೂರು ಎಮ್ಮೆಗಳ ಒಡೆಯ ಮಲ್ಲಿಸೆಟ್ಟಿ. ಅವನು ಎರಡು ಒಗಟು ಬಿಡಿಸಿದ. ಬಟ್ಟೆಗೆ ನಿಲ್ಲದ ಕೊಳೆ ಯಾವುದೆಂಬ ಮೂರನೆಯದನ್ನು ಕೇಳಿದಾಗ, "ಇಷ್ಟೇ ತಾನೇ? ನೀರು. ಹಾಲಿಗೆ ಬೆರೆಸಿದ ನೀರನ್ನು ಯಾವ ಬಟ್ಟೆ ತಡೆಯುತ್ತದೆ?" ಎಂದು ನಕ್ಕ. ಸಭೆಯೂ ಸರಿಯೆಂದೇ ತಿಳಿಯಿತು. ಸೋವಲದೇವಿ ಕಣ್ಣು ತಗ್ಗಿಸಿ, "ಅಲ್ಲ" ಎಂದಳು. ಅವನನ್ನೂ ಸೆರೆಮನೆಗೆ ಒಯ್ದರು. ಆಮೇಲೆ ಯಾರೂ ಬರಲಿಲ್ಲ.

ಬೆಟ್ಟದ ಬುಡದ ಹಟ್ಟಿಯಲ್ಲಿ ಚಿತ್ತಯ್ಯ ಎಂಬ ಹುಡುಗ ತಾಯಿಯ ಜೊತೆ ಎರಡು ಹಸು, ಒಂದು ಮೇಕೆ ಸಾಕಿಕೊಂಡಿದ್ದ. ಸುದ್ದಿ ಕೇಳಿ ಅವನು ಕಂಬಳಿ ಹೆಗಲಿಗೆ ಹಾಕಿದ.

"ನೂರು ಎಮ್ಮೆ ಇದ್ದೋನೇ ಸಿಕ್ಕಿಬಿದ್ದವ್ನೆ. ನೀನು ಹೋಗ್ಬ್ಯಾಡ ಮಗ" ಎಂದಳು ತಾಯಿ.

"ಮಗು ಹಸ್ಕೊಂಡೈತಂತೆ ಕಣವ್ವ. ಹಾಲಿನ ಕೆಲಸ ಬುಟ್ಟು ನಂಗೆ ಬ್ಯಾರೆ ಏನೂ ಬರಾಕಿಲ್ಲ. ಬರೋ ಕೆಲಸಕ್ಕೂ ಹೋಗದಿದ್ರೆ ಹೆಂಗೆ?"

ಸಭೆಯಲ್ಲಿ ಮೊದಲ ಒಗಟು ಕೇಳಿದ ಕೂಡಲೇ ಅವನು, "ಮೊದಲ ಎರಡು ಮೂರು ಧಾರೆ ಹಾಲು, ತಾಯಿ. ಮೊಲೆತೊಟ್ಟಿನ ಬಾಯಲ್ಲಿ ಕೂತ ಕೊಳೆ ಅದರ ಜೊತೆ ಹೋಗುತ್ತೆ. ಅದನ್ನು ಚೆಂಬಿಗೆ ಹಿಂಡಬಾರದು" ಎಂದ.

"ಮೈಯೆಲ್ಲ ತೂತು. ಮಡಿಕೆ ಮಡಿಕೆಯಾಗಿ ಪಾತ್ರೆಯ ಬಾಯಿಗೆ ಕೂರುತ್ತದೆ. ಒಳ್ಳೆಯದನ್ನೆಲ್ಲ ಕೆಳಗೆ ಬಿಟ್ಟು ಕೆಟ್ಟದ್ದನ್ನು ತಾನಿಟ್ಟುಕೊಳ್ಳುತ್ತದೆ. ಏನದು?" ಎಂದು ಸೋವಲದೇವಿ ಎರಡನೆಯದನ್ನು ಕೇಳಿದಳು.

"ಹಾಲು ಸೋಸೋ ಬಟ್ಟೆ. ಕೂದಲು, ಹುಲ್ಲಿನ ಕಡ್ಡಿ, ಸಗಣಿಯ ಪುಡಿ ಅದರ ಪಾಲು."

"ಒಂದು ಕೊಳೆಯಿದೆ. ಬಟ್ಟೆಯನ್ನು ಎಷ್ಟು ಮಡಿಕೆ ಮಾಡಿದರೂ ಅದು ನಿಲ್ಲುವುದಿಲ್ಲ. ಮಡಿಕೆ ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ. ಯಾವುದದು?"

ಚಿತ್ತಯ್ಯ, "ಇಲ್ಲಿ ಸೋಸೋ ಬಟ್ಟೆ ನೋಡಬಹುದಾ ತಾಯಿ?" ಎಂದ. ಬಟ್ಟೆ ತಂದರು. ಬೆಳ್ಳಗೆ ಹೊಳೆಯುತ್ತಿತ್ತು. ಅವನು ಮೂಸಿ ನೋಡಿ ಮುಖ ಪಕ್ಕಕ್ಕೆ ತಿರುಗಿಸಿದ.

"ಇದನ್ನು ಕುದಿಸ್ತೀರಾ?" ಎಂದು ಕೊಟ್ಟಿಗೆಯವನನ್ನು ಕೇಳಿದ.

"ಕುದಿಸಿದರೆ ರೇಷ್ಮೆ ಕೆಡುತ್ತದೆ. ತಣ್ಣೀರಲ್ಲಿ ಜಾಲಿಸಿ ನೆರಳಿಗೆ ಹಾಕುತ್ತೇವೆ."

"ಹಾಲಿಗೆ ರೇಷ್ಮೆ ಕೊಟ್ಟವರು ಯಾರು?"

ಕೊಟ್ಟಿಗೆಯವನು ಅರಸನ ಕಡೆ ನೋಡಿದ. ಬಿಜ್ಜರಸನೇ ಹೇಳಿದ: "ನಾನು. ನನ್ನ ಮಗನ ಹಾಲನ್ನು ಹತ್ತಿ ಬಟ್ಟೆಯಲ್ಲಿ ಸೋಸುವುದೇ ಎಂದು ಎರಡು ತಿಂಗಳ ಹಿಂದೆ ತರಿಸಿಕೊಟ್ಟೆ."

ಚಿತ್ತಯ್ಯ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ. ಹೇಳಿದರೆ ಅರಸನ ತಪ್ಪು ಎತ್ತಿ ತೋರಿಸಿದಂತೆ. ಹೇಳದಿದ್ದರೆ ಮಗುವಿಗೆ ನಾಳೆಯೂ ಅದೇ ಹಾಲು. ಅವನು ಬಟ್ಟೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ.

"ಆ ಕೊಳೆ ಬಟ್ಟೆಯದೇ, ಬುದ್ಧಿ. ನಿನ್ನೆಯ ಹಾಲು ಎಳೆಯೊಳಗೆ ಕೂತು ಹುಳಿತೈತೆ. ಇವತ್ತಿನ ಹಾಲು ಅದರ ಮೇಲೇ ಹಾದು ಬರುತ್ತೆ. ಎಂಟು ಮಡಿಕೆ ಮಾಡಿದರೆ ಎಂಟು ಪಾಲು ಹುಳಿ."

"ಸರಿ" ಎಂದಳು ಸೋವಲದೇವಿ. "ಉತ್ತರ ನನಗೆ ಗೊತ್ತಿತ್ತು. ದಿನಾ ತೊಳೆಯುತ್ತೇವೆ ಅಂದರು, ನಂಬಿದೆ. ಒಮ್ಮೆಯೂ ಮೂಸಿ ನೋಡಲಿಲ್ಲ."

ಚಿತ್ತಯ್ಯ ಹತ್ತಿಯ ಬಟ್ಟೆಯೊಂದನ್ನು ಕುದಿಸಿ, ಹಿಂಡಿ, ಬಿಸಿಲಿಗೆ ಹಾಕಿದ. ಪಾತ್ರೆಗಳನ್ನು ಬಿಸಿನೀರಲ್ಲಿ ಉಜ್ಜಿದ. ಸಂಜೆ ತಾನೇ ಹಾಲು ಕರೆದು, ನೊರೆ ಆರುವ ಮುಂಚೆ ಸೋಸಿದ. ಕಾಯಿಸಿದ ಹಾಲು ಒಡೆಯಲಿಲ್ಲ. ಮಗು ಒಂದು ಒಳಲೆ ತುಂಬ ಹಾಲು ಕುಡಿಯಿತು. ಅಕ್ಕ ಭುಜದ ಮೇಲೆ ಹಾಕಿಕೊಂಡು ಕಾದಳು. ಕಕ್ಕಲಿಲ್ಲ. ಮೂರನೆಯ ದಿನಕ್ಕೆ ಅದು ಹಾಲಿನ ಪಾತ್ರೆ ಕಂಡರೆ ಕೈ ಚಾಚತೊಡಗಿತು.

"ಡಂಗುರದಲ್ಲಿ ಹೇಳಿದ್ದೆಲ್ಲ ನಿನ್ನದು. ಇನ್ನೇನು ಬೇಕು ಕೇಳು" ಎಂದ ಬಿಜ್ಜರಸ.

"ಸೆರೆಯಲ್ಲಿರೋ ಇಬ್ಬರನ್ನು ಬಿಡಬೇಕು, ಬುದ್ಧಿ."

"ಉತ್ತರ ಗೊತ್ತಿಲ್ಲದೆ ಬಂದವರು ಅವರು."

"ತಮಗೂ ಗೊತ್ತಿರಲಿಲ್ಲ, ಬುದ್ಧಿ."

ಅರಸ ಅವನನ್ನೇ ನೋಡಿದ. ಆಮೇಲೆ ಮಗಳ ತೊಡೆಯ ಮೇಲಿದ್ದ ಮಗುವನ್ನು ನೋಡಿದ. "ಬಾಗಿಲು ತೆಗೆಯಿರಿ" ಎಂದ.

ಪಂಡಿತ ತನ್ನ ಊರಿಗೆ ಹೋದ. ಚಿತ್ತಯ್ಯ ತಾಯಿಯನ್ನು ಕರೆತಂದು ಅರಮನೆಯ ಕೊಟ್ಟಿಗೆಯ ಪಕ್ಕದ ಮನೆಯಲ್ಲಿ ಇಳಿದ. ವಾರ ಕಳೆದ ಮೇಲೆ ಮಲ್ಲಿಸೆಟ್ಟಿ ಅಲ್ಲಿಗೆ ಬಂದು, "ನನ್ನ ಮನೆಯಲ್ಲೂ ಆಗಾಗ ಹಾಲು ಒಡೆಯುತ್ತದಪ್ಪ. ಎಲ್ಲಿಂದ ಶುರುಮಾಡಲಿ?" ಎಂದು ಕೇಳಿದ.

"ಅಂಗಿಯ ತೋಳು ಮಡಿಚಿಕೊಳ್ಳಿ, ಸೆಟ್ಟರೇ" ಎಂದು ಚಿತ್ತಯ್ಯ ನೀರಿನ ಹಂಡೆಯನ್ನು ಒಲೆಗೆ ಏರಿಸಿದ.