ಕೆಂಚಿ ನಿಂತ ಕಲ್ಲು

ಕಣಿವೆಗೆರೆಯಿಂದ ನೆರಳಗೊಂದಿಗೆ ಹೋಗುವ ದಾರಿಯಲ್ಲಿ, ಹಳೇ ಕೋಟೆಯ ಬುರುಜು ದಾಟಿ ಸ್ವಲ್ಪ ದೂರ ಹೋದರೆ, ಎಡಗಡೆಗೆ ಎದೆಮಟ್ಟದ ಒಂದು ಕರಿಯ ಕಲ್ಲು ನಿಂತಿದೆ. ಅದರ ಮೇಲೆ ಶಾಸನವಿಲ್ಲ, ವೀರನ ಚಿತ್ರವಿಲ್ಲ, ಅರಿಸಿನ ಕುಂಕುಮವೂ ಇಲ್ಲ. ಬುಡದಲ್ಲಿ ಮಾತ್ರ ಬೊಗಸೆಯಗಲದ ಒಂದು ಕುಳಿ ಇದೆ. ಅದರಲ್ಲಿ ಯಾರೋ ಇಟ್ಟ ಬೆಲ್ಲದ ಚೂರಿಗೆ ಇರುವೆ ಮುತ್ತಿರುವುದನ್ನು ಯಾವ ದಿನ ಹೋದರೂ ನೋಡಬಹುದು. ಕಲ್ಲಿನಿಂದ ಕೂಗಳತೆಯಲ್ಲಿ ಒಂದು ಬನ್ನಿಮರ, ಮರದ ಪಕ್ಕದ ಹಾಸುಬಂಡೆಯಲ್ಲಿ ಕಂಬ ನಿಲ್ಲಿಸಲು ಕೊರೆದ ಗುಳಿಗಳು. ಹೊಸಬರು ಇದನ್ನೊಂದು ಗಡಿಕಲ್ಲು ಎಂದುಕೊಂಡು ಮುಂದೆ ಹೋಗುತ್ತಾರೆ. ಊರಿನವರು ಹಾಗೆ ಹೋಗುವುದಿಲ್ಲ. ಗಾಡಿಯವನು ಹಗ್ಗ ಜಗ್ಗಿ ಎತ್ತುಗಳನ್ನು ಒಂದು ಉಸಿರು ನಿಲ್ಲಿಸುತ್ತಾನೆ, ಬೈಕಿನವನು ಒಂದು ಕಾಲನ್ನಾದರೂ ನೆಲಕ್ಕೆ ತಾಗಿಸಿಯೇ ಹೊರಡುತ್ತಾನೆ. ಏಕೆಂದು ಕೇಳಿದರೆ, ಕೆಂಚಿಯಂಥ ಕೆಂಚಿಯೇ ನಿಂತ ಜಾಗ, ನಮ್ಮದೇನು ಅಂಥ ಅವಸರ, ಎನ್ನುತ್ತಾರೆ.

ಹಿಂದೆ ಪಾಳೆಯಗಾರರ ಕಾಲದಲ್ಲಿ ಕಣಿವೆಗೆರೆಯೂ ನೆರಳಗೊಂದಿಯೂ ಬೇರೆ ಬೇರೆ ನಾಯಕರ ಪಾಳೆಯಗಳಾಗಿದ್ದವು. ಎರಡು ಕಡೆಯವರಿಗೂ ಮಾತಿಗೆ ಮೊದಲು ಕತ್ತಿ ಹಿರಿಯುವ ಚಾಳಿ. ಹೆಣ ಹೊತ್ತು ಸಾಕಾದ ಹಿರಿಯರು ಸೇರಿ ಒಂದು ಕಟ್ಟಳೆ ಮಾಡಿದರಂತೆ: ವರ್ಷವೆಲ್ಲ ಕೂಡಿಟ್ಟ ಹಗೆಯನ್ನು ವಿಜಯದಶಮಿಯ ದಿನ ಕುದುರೆಗಳ ಕಾಲಿಗೆ ಬಿಟ್ಟುಬಿಡುವುದು. ನೆರಳಗೊಂದಿಯ ಹಳ್ಳದಿಂದ ಹೊರಟು ಈ ಕಲ್ಲನ್ನು ಯಾರ ಕುದುರೆ ಮೊದಲು ತಲುಪುತ್ತದೋ ಆ ವರ್ಷ ಅವರ ಮೀಸೆ ಮೇಲೆ. ಸೋತ ಕುದುರೆಯನ್ನು ಗೆದ್ದವರು ಕೇಳಿದರೆ ತುಟಿಪಿಟಕ್ಕೆನ್ನದೆ ಕೊಟ್ಟುಬಿಡಬೇಕು. ಇದರ ಜೊತೆಗೆ ಇನ್ನೊಂದು ನೇಮವೂ ಇತ್ತು. ಓಟದ ಬಯಲು ಬನ್ನಿಮರದ ತಾಯಿಗೆ ಸೇರಿದ್ದು. ಬನ್ನಿಪೂಜೆಯ ದಿನವೊಂದನ್ನು ಬಿಟ್ಟು ಅಲ್ಲಿ ಯಾವ ಕುದುರೆಯ ಗೊರಸೂ ಬೀಳಕೂಡದು. ಆದ್ದರಿಂದ ಕುದುರೆಗಳನ್ನು ಬೇರೆಲ್ಲೋ ಪಳಗಿಸಿ ತಂದು, ಆ ದಾರಿಯಲ್ಲಿ ವರ್ಷಕ್ಕೊಮ್ಮೆ ಮಾತ್ರ ಓಡಿಸುತ್ತಿದ್ದರು.

ಕಣಿವೆಗೆರೆಯ ಮುದ್ದನಾಯಕನ ಲಾಯದಲ್ಲಿ ಗಾದ್ರಿ ಎಂಬ ರಾವುತನಿದ್ದ. ಮಾತು ಕಡಿಮೆ, ಮನುಷ್ಯರೊಡನೆ ಇನ್ನೂ ಕಡಿಮೆ. ಆ ಲಾಯದಲ್ಲಿ ಒಂದು ಕೆಂಚುಬಣ್ಣದ ಹೆಣ್ಣುಮರಿ ಹುಟ್ಟಿದಾಗ ಸುಳಿ ನೋಡುವವರು ಬಂದು, ಎದೆಯ ಮೇಲೆ ಕೆಟ್ಟ ಸುಳಿ ಇದೆ, ಇದು ಒಡೆಯನನ್ನು ನಡುದಾರಿಯಲ್ಲಿ ಕೈಬಿಡುತ್ತದೆ, ಹೇರು ಹೊರುವವರಿಗೆ ಕೊಟ್ಟುಬಿಡಿ ಎಂದರು. ಗಾದ್ರಿ ನಾಯಕನ ಕಾಲು ಹಿಡಿದು ಮರಿಯನ್ನು ಉಳಿಸಿಕೊಂಡು, ಕೆಂಚಿ ಎಂದು ಕರೆದ. ತಾಯಿಗೆ ಹಾಲು ಬತ್ತಿದಾಗ ಆಡಿನ ಹಾಲು ಕುಡಿಸಿದ, ತನ್ನ ಕಂಬಳಿ ಹೊದಿಸಿದ, ಹೆಂಡತಿಯಿಂದ ಬೈಸಿಕೊಂಡ. ಊರಿನವರು ಕೆಂಚಿಯನ್ನು ಇಂದಿಗೂ ‘ಅದು’ ಎನ್ನುವುದಿಲ್ಲ, ‘ಅವಳು’ ಎನ್ನುತ್ತಾರೆ; ಅವರ ಕಥೆ ಹೇಳುವಾಗ ನಾವೂ ಹಾಗೆಯೇ ಅನ್ನಬೇಕು.

ಮೊದಲ ಓಟಕ್ಕೆ ಅವಳನ್ನು ತಂದಾಗ ನೆರಳಗೊಂದಿಯವರು ಕೈತಟ್ಟಿ ನಕ್ಕರು. ಅರ್ಧದಾರಿಯ ಹುಣಸೆಮರದವರೆಗೆ ಅವಳು ಎಲ್ಲರ ಹಿಂದೆಯೇ ಇದ್ದಳು. ಅಲ್ಲಿಂದ ಮುಂದೆ ನಡೆದದ್ದನ್ನು ಕಂಡವರು ಸರಿಯಾಗಿ ಹೇಳಲಾರದೆ ಹೋದರು. ಧೂಳಷ್ಟೇ ಕಂಡಿತು ಎಂದರು. ಕಲ್ಲನ್ನು ಮುಟ್ಟಿದವಳು ಗೂಟ ಹೊಡೆದಂತೆ ನಿಂತುಬಿಟ್ಟಳು, ಗಾದ್ರಿ ಅವಳ ಕತ್ತಿನ ಮೇಲಿಂದ ಹಾರಿ ಕಲ್ಲಿನಾಚೆ ಬಿದ್ದ. ಗೆದ್ದವನೇ ಮಣ್ಣು ಮುಕ್ಕಿದ್ದನ್ನು ಎಲ್ಲಾದರೂ ನೋಡಿದ್ದೀರಾ ಎಂದು ಎರಡು ಪಾಳೆಯದವರೂ ಹೊಟ್ಟೆ ಹಿಡಿದು ನಕ್ಕರು. ಗಾದ್ರಿಯೂ ನಕ್ಕು, ಮೈ ಕೊಡವಿಕೊಂಡು, ಸೊಂಟದ ಗಂಟಿನಲ್ಲಿದ್ದ ಬೆಲ್ಲವನ್ನು ಅಂಗೈಯಲ್ಲಿಟ್ಟು ಅವಳ ಬಾಯಿಗೆ ಹಿಡಿದ. ಆಮೇಲೆ ಪ್ರತಿ ವರ್ಷವೂ ಹೀಗೆಯೇ, ಕಲ್ಲಿನ ಬಳಿ ನಿಲ್ಲುವುದು, ಬೆಲ್ಲ ತಿನ್ನುವುದು. ಮಳೆ ಹುಯ್ದು ಬಯಲು ಕೆಸರಾದ ವರ್ಷ ಗೆದ್ದಳು. ಜೀನಿನ ಪಟ್ಟಿ ಹರಿದು ಗಾದ್ರಿ ಬರಿಬೆನ್ನಿನ ಮೇಲೆ ಕೂತ ವರ್ಷವೂ ಗೆದ್ದಳು. ಮರಿ ಹಾಕಿದ ವರ್ಷ, ಕೆಚ್ಚಲು ಬಿಗಿದುಕೊಂಡೇ ಓಡಿ ಗೆದ್ದು, ಬೆಲ್ಲ ತಿಂದವಳು ಮರಿ ಇದ್ದ ಕಡೆ ಕೆನೆಯುತ್ತ ಓಡಿದಳಂತೆ. ಚಾವಟಿ ಗಾದ್ರಿಯ ಸೊಂಟದಲ್ಲಿ ಪದ್ಧತಿಗೆಂದು ಇರುತ್ತಿತ್ತು, ಅಷ್ಟೇ. ಇವಳ ಹಿಂದೆ ವರ್ಷವೂ ಎರಡನೆಯವನಾಗಿ ಬರುತ್ತಿದ್ದವನು ನೆರಳಗೊಂದಿಯ ರಾವುತ ದಾದಾಪೀರ. ಅವನ ಕುದುರೆಗಳು ಬದಲಾದವು, ಜಾಗ ಬದಲಾಗಲಿಲ್ಲ.

ಕೆಂಚಿಗೆ ವಯಸ್ಸಾಯಿತು. ಕಣ್ಣಿನ ಮೇಲೆ ಗುಳಿ ಬಿತ್ತು, ಹಣೆಯ ಕೂದಲು ನೆರೆಯಿತು. ಇನ್ನು ಸಾಕು ಎಂದು ಗಾದ್ರಿ ಬೇಡಿಕೊಂಡ. ಆದರೆ ಆ ವರ್ಷ ಮುದ್ದನಾಯಕನ ಮಗಳಿಗೆ ದೂರದ ಪಾಳೆಯದಲ್ಲಿ ಸಂಬಂಧ ಕುದುರಿತ್ತು, ಬೀಗರು ಓಟ ನೋಡಲು ಬರುವವರಿದ್ದರು. ಇದೊಂದು ಸಲ ಓಡಲಿ, ಆಮೇಲೆ ಅವಳು ಸಾಯುವ ತನಕ ನಿನ್ನವಳು ಎಂದು ನಾಯಕ ಮಾತು ಕೊಟ್ಟ. ಸೋತರೆ ಏನಾಗುತ್ತದೆ ಎಂಬುದನ್ನು ಇಬ್ಬರೂ ಆಡಲಿಲ್ಲ. ನೆರಳಗೊಂದಿಯ ನಾಯಕ ಆ ಕುದುರೆಯ ಮೇಲೆ ಎಷ್ಟು ವರ್ಷದಿಂದ ಕಣ್ಣಿಟ್ಟಿದ್ದಾನೆಂಬುದು ಇಬ್ಬರಿಗೂ ಗೊತ್ತಿತ್ತು. ಬೀಗರು ಬಿಸಿಲಲ್ಲಿ ಕೂರಬಾರದೆಂದು ಮುದ್ದನಾಯಕ ಬನ್ನಿಮರದ ಬಳಿ ಕಂಬ ನೆಡಿಸಿ ಚಪ್ಪರ ಹಾಕಿಸಿದ. ಅವರ ಕಣ್ಣೆದುರೇ ಗೆಲ್ಲಬೇಕೆಂದು, ಈ ಸಲ ಓಟದ ಗುರಿ ಕಲ್ಲಲ್ಲ, ಬನ್ನಿಮರ ಎಂದು ಎರಡೂ ಪಾಳೆಯಗಳಲ್ಲಿ ಡಂಗುರ ಹೊಡೆಸಿದ. ಅಷ್ಟು ದೂರ ಓಡುವವಳಿಗೆ ಇನ್ನೊಂದು ಕೂಗಳತೆ ಹೆಚ್ಚೇ ಎಂದು ಗಾದ್ರಿ ಅಂದುಕೊಂಡ. ಅವಳು ಕಿವಿ ಆಡಿಸಿದ್ದರಲ್ಲೇ ಹಸಿವೋ ಜ್ವರವೋ ಹೇಳುತ್ತಿದ್ದವನಿಗೆ ಬೇರೇನೂ ಹೊಳೆಯಲಿಲ್ಲ.

ಅಂದೂ ಹುಣಸೆಮರದವರೆಗೆ ಅವಳು ಹಿಂದೆಯೇ ಇದ್ದಳು, ಅಲ್ಲಿಂದ ಎಂದಿನಂತೆಯೇ ಮುಂದಾದಳು. ದಾದಾಪೀರನ ಕರಿಕುದುರೆ ಬಹಳ ಹಿಂದೆ ಉಳಿಯಿತು. ಚಪ್ಪರದಲ್ಲಿದ್ದ ಬೀಗರು ಎದ್ದು ನಿಂತರು. ಕೆಂಚಿ ಕಲ್ಲಿನ ಹತ್ತಿರ ಬಂದಳು, ನಿಂತುಬಿಟ್ಟಳು. ಮೊದಲ ಸಲದಂತೆ ಗಾದ್ರಿ ಬೀಳಲಿಲ್ಲ. ಅವನ ಮೈ ತಾನಾಗಿ ಹಿಂದಕ್ಕೆ ವಾಲಿತ್ತು, ಕೈ ಬೆಲ್ಲದ ಗಂಟಿಗೆ ಹೋಗಿತ್ತು. ಜನ ಕೂಗಿದಾಗಲೇ ಅವನಿಗೆ ಬನ್ನಿಮರದ ನೆನಪಾಯಿತು. ಹಿಮ್ಮಡಿ ತಾಗಿಸಿದ, ಗದರಿದ, ಬೇಡಿದ. ಅವಳು ಕತ್ತು ತಿರುಗಿಸಿ ಅವನ ಸೊಂಟ ಮೂಸಿದಳು. ಗಾದ್ರಿ ಚಾವಟಿ ಎತ್ತಿದ. ಒಂದು ಏಟು ಸಾಕಾಗಿತ್ತು. ಹೊಡೆಯದಿದ್ದರೆ ಅವಳು ತನ್ನವಳಾಗಿ ಉಳಿಯುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಆದರೆ ಬೆವರು ಸುರಿಯುತ್ತ, ಗೆದ್ದೆನೆಂಬ ಸಂತೋಷದಲ್ಲಿ ನಿಂತವಳ ಮೇಲೆ ಅವನ ಕೈ ಇಳಿಯಲಿಲ್ಲ. ಅವನು ಕೆಳಗಿಳಿದು ಬೆಲ್ಲವನ್ನು ಅವಳ ಬಾಯಿಗೆ ಹಿಡಿದ. ಅವಳು ತಿನ್ನುತ್ತಿರುವಾಗ ಕರಿಕುದುರೆ ಪಕ್ಕದಿಂದ ಹಾದುಹೋಯಿತು.

ಮುದ್ದನಾಯಕ ಕೆಂಡವಾದ. ಎತ್ತಿದ ಚಾವಟಿಯನ್ನು ಏಕೆ ಇಳಿಸಿದೆ ಎಂದು ಎಲ್ಲರೆದುರು ಕೇಳಿದ.

“ಗುರಿ ಬದಲಾಗೈತೆ ಅಂತ ಡಂಗುರ ಹೊಡೆಸಿ ಎಲ್ರಿಗೂ ಹೇಳಿದ್ರಿ ಬುದ್ಧಿ, ನಾನೂ ಕೇಳಿಸ್ಕೊಂಡೆ. ಕೆಂಚಿಗೆ ಯಾರೂ ಹೇಳ್ಲಿಲ್ಲ” ಎಂದ ಗಾದ್ರಿ. “ಗೆದ್ದೀನಿ ಅಂತ ನಿಂತವಳಿಗೆ ಹೆಂಗೆ ಹೊಡೀಲಿ?”

ನೆರಳಗೊಂದಿಯ ನಾಯಕ ಕಟ್ಟಳೆಯಂತೆ ಕೆಂಚಿಯನ್ನು ಕೇಳಿದ. ಅವನ ಆಳುಗಳು ಬಂದು ಹಗ್ಗ ಜಗ್ಗಿದರೆ ಅವಳು ಕಲ್ಲು ಬಿಟ್ಟು ಕದಲಲಿಲ್ಲ. ಕೊನೆಗೆ ಗಾದ್ರಿಯೇ ಹಿಡಿದು ತರಲಿ ಎಂದು ಅಪ್ಪಣೆಯಾಯಿತು. ಅವನು ಹಗ್ಗ ಕೈಗೆ ತೆಗೆದುಕೊಂಡದ್ದೇ ತಡ, ಅವಳು ಮರುಮಾತಿಲ್ಲದೆ ಹಿಂದೆ ಬಂದಳು. ಎಲ್ಲಿಗೆಂದು ಅವಳಿಗೇನು ಗೊತ್ತು? ಕಲ್ಲಿನಿಂದ ಮರದವರೆಗಿನ ಆ ದಾರಿ ಗಾದ್ರಿಗೆ ಹೇಗೆ ಸವೆಯಿತೋ, ಅವನು ಬದುಕಿರುವ ತನಕ ಯಾರಿಗೂ ಹೇಳಲಿಲ್ಲ. ಗೆದ್ದ ರಾವುತನ ಕೈಗೆ ಹಗ್ಗ ಕೊಡುವುದು ಪದ್ಧತಿ. ಗಾದ್ರಿ ತಲೆ ತಗ್ಗಿಸಿ ಕೊಟ್ಟ. ದಾದಾಪೀರ ಹಗ್ಗ ಹಿಡಿದು ಕೆಂಚಿಯ ಮುಖವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ತನ್ನ ನಾಯಕನ ಕಡೆ ತಿರುಗಿದ.

“ಸೋತ ಕುದುರೆ ಕೇಳೋದು ನಮ್ಮ ಕಟ್ಟಳೆ ದೊರೆ, ಗೆದ್ದ ಕುದುರೆ ಕೇಳೋದು ಎಲ್ಲೂ ಇಲ್ಲ. ಇಷ್ಟು ವರ್ಷ ಇವಳ ಬಾಲ ನೋಡ್ಕೊಂಡೇ ಓಡಿದೋನು ನಾನು, ಮುಖ ಕಂಡಿದ್ದು ಇವತ್ತೇ. ಇದನ್ನ ಗೆಲುವು ಅಂತ ಹೆಂಡತಿ ಮಕ್ಕಳ ಮುಂದೆ ಹೆಂಗೆ ಹೇಳ್ಲಿ?”

ಹೀಗೆಂದು ಅವನು ಹಗ್ಗವನ್ನು ಗಾದ್ರಿಯ ಕೈಗೇ ಮರಳಿಸಿದ. ನೆರಳಗೊಂದಿಯ ನಾಯಕ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ರಾವುತ ಸೋತೆನೆಂದ ಮೇಲೆ ನಾಯಕ ಗೆದ್ದೆನೆನ್ನಲಾದೀತೇ, ಎಂದು ಎದ್ದು ಹೋದನಂತೆ. ನಾಚಿದ ಮುದ್ದನಾಯಕ ಅಂದು ಸಂಜೆಯೇ ಚಪ್ಪರ ಕೀಳಿಸಿದ, ಗುರಿಯನ್ನು ಮತ್ತೆ ಕಲ್ಲಿಗೇ ತಂದ. ಬಯಲಲ್ಲಿ ಕುದುರೆಯ ಗೊರಸು ಬೀಳಕೂಡದೆಂಬ ನೇಮದಲ್ಲಿ ಕೆಂಚಿಯೊಬ್ಬಳಿಗೆ ವಿನಾಯಿತಿ ಸಿಕ್ಕಿತು. ಅವಳು ಮುದಿಯಾಗಿ, ಕಣ್ಣು ಮಂಜಾದ ಮೇಲೂ ಗಾದ್ರಿಯ ಹಿಂದೆ ನಿಧಾನವಾಗಿ ನಡೆದು ಬಂದು ಈ ಕಲ್ಲಿನ ಬಳಿ ನಿಂತು, ಬೆಲ್ಲ ತಿಂದು ಹೋಗುತ್ತಿದ್ದಳು ಎನ್ನುತ್ತಾರೆ.

ಕೋಟೆ ಬಿದ್ದಿದೆ, ನಾಯಕರ ವಂಶ ಎಲ್ಲಿದೆಯೋ ತಿಳಿಯದು. ಹಾಸುಬಂಡೆಯ ಮೇಲೆ ಚಪ್ಪರದ ಗುಳಿಗಳು ಮಳೆನೀರು ತುಂಬಿಕೊಂಡು ಬಿದ್ದಿವೆ. ವಿಜಯದಶಮಿಯಂದು ಈಗ ಓಡುವುದು ಬಾಡಿಗೆಯ ನಾಲ್ಕಾರು ಬಡಕಲು ಕುದುರೆಗಳು. ಆದರೂ ಓಟ ಮುಗಿಯುವುದು ಈ ಕಲ್ಲಿನ ಬಳಿಯೇ, ಮೊದಲು ಕುದುರೆಗೆ ಬೆಲ್ಲ ತಿನ್ನಿಸಿ ಆಮೇಲೆ ಗೆದ್ದವರಾರೆಂದು ಕೇಳುವುದೂ ಹಾಗೆಯೇ ಉಳಿದಿದೆ. ಉಳಿದದ್ದು ಇನ್ನೂ ಒಂದಿದೆ. ಈ ಸೀಮೆಯ ಯಾವ ಮನೆಯಲ್ಲಾದರೂ ಹಿರಿಯರು ಕೂತು ಮಗಳ ಮದುವೆಯನ್ನೋ ಹೊಲದ ಪಾಲನ್ನೋ ತಮ್ಮತಮ್ಮಲ್ಲೇ ಇತ್ಯರ್ಥ ಮಾಡಿ ಏಳುವ ಹೊತ್ತಿಗೆ, ಮೂಲೆಯಲ್ಲಿ ಕೂತ ಯಾರಾದರೂ ಮುದುಕಿ ಮೆಲ್ಲಗೆ, ಕೆಂಚಿಗೆ ಹೇಳಿದಿರಾ, ಎಂದು ಕೇಳುತ್ತಾಳೆ. ಎದ್ದವರು ಮತ್ತೆ ಕೂರುತ್ತಾರೆ. ಒಳಗಿನಿಂದ ಹುಡುಗಿಯನ್ನು ಕರೆಯುತ್ತಾರೆ.